ಕಾಂತಿಯ ಹಲ್ಲು, ಅತ್ತೆಯ ಬೆಲ್ಲ

ನಾರಾವಿಯ ಕಾಂತಿ ಮದುವೆಯಾಗಿ ಮೆಲ್ಕಾರಿಗೆ ಬಂದದ್ದು ತೊಂಬತ್ತಮೂರರಲ್ಲಿ. ಹೊಸ್ತಿಲಲ್ಲೇ ಅತ್ತೆ ದೇಯಕ್ಕ ಬೆಲ್ಲ ನೀರು ಹಿಡಿದು ನಿಂತಿದ್ದರು. ಸೊಸೆ ನೀರು ಕುಡಿದಳು, ಬೆಲ್ಲ ಮುಟ್ಟಲಿಲ್ಲ. ದೇಯಕ್ಕನ ಮುಖ ಎಷ್ಟು ಹುಳಿಯಾಯಿತೆಂದರೆ, ಅಂದು ಮೆಲ್ಕಾರಿನ ಯಾರ ಮನೆಯ ಹಾಲೂ ಒಡೆಯದೆ ಉಳಿಯಲಿಲ್ಲ.

“ಸಿಹಿ ಸೇರುವುದಿಲ್ಲ ಅತ್ತೆ. ಸಣ್ಣದಿರುವಾಗಲೇ ತಿಂದರೆ ವಾಂತಿ.”

“ಒಂದು ತುಂಡು ಬೆಲ್ಲದಿಂದ ಯಾರೂ ಸತ್ತದ್ದಿಲ್ಲ ಮಾರಾಯ್ತಿ.”

ದೇಯಕ್ಕನಿಗೆ ಬೆಲ್ಲವೆಂದರೆ ಪ್ರಾಣ. ಅವರು ನಡೆದ ದಾರಿಯಲ್ಲಿ ಇರುವೆಗಳ ಮೆರವಣಿಗೆ ಹೊರಡುತ್ತಿತ್ತು. ಸೊಸೆಯ ಸೊಕ್ಕು ಇಳಿಸಲೆಂದು ಸಾರಿಗೆ, ಪಲ್ಯಕ್ಕೆ, ಕೊನೆಗೆ ಗಂಜಿಯ ಚಟ್ನಿಗೂ ಗುಟ್ಟಾಗಿ ಬೆಲ್ಲ ಬೆರೆಸತೊಡಗಿದರು. ಕಾಂತಿ ಉಂಡದ್ದನ್ನೆಲ್ಲ ಕಕ್ಕಿದಳು, ಕಣ್ಣು ಹಳದಿಯಾಯಿತು. ಒಂದು ಮಧ್ಯಾಹ್ನ ಊಟದ ಬಟ್ಟಲಿನ ಮುಂದೆಯೇ ಬೆವರಿ, ಪ್ರಜ್ಞೆ ತಪ್ಪಿ ಬಿದ್ದಳು. ಗಂಡ ಭೋಜ ಅಮ್ಮನನ್ನೂ ಜೀಪಿಗೆ ಹತ್ತಿಸಿಕೊಂಡು ಮಂಗಳೂರಿಗೆ ಓಡಿದ.

ದೊಡ್ಡ ಡಾಕ್ಟರು ಊದಿದ ಲಿವರನ್ನು ಒತ್ತಿ ನೋಡಿದರು. ರಕ್ತ ತೆಗೆಸಿದರು. ಬಾಯಿ ತೆರೆಸಿದರು. ಒಂದು ಹಲ್ಲೂ ಹುಳುಕಿಲ್ಲ, ಸಿಹಿ ಮುಟ್ಟದ ಬಾಯಿ.

“ಒಡಹುಟ್ಟಿದವರು ಉಂಟಾ?”

“ತಮ್ಮ ಇದ್ದ. ಬಾಳೆಹಣ್ಣು ತಿನ್ನಿಸಲು ಸುರು ಮಾಡಿದ ತಿಂಗಳೇ ತೀರಿಹೋದ,” ಎಂದಳು ಎಚ್ಚರವಾಗಿದ್ದ ಕಾಂತಿ.

“ಇದು ತಂದೆತಾಯಿಯಿಂದ ಹುಟ್ಟುವಾಗಲೇ ಬಂದದ್ದು. ಬೆಲ್ಲ, ಸಕ್ಕರೆ, ಹಣ್ಣು ಅರಗಿಸಲು ಈ ಲಿವರಿಗೆ ಆಗುವುದಿಲ್ಲ. ಇವರಿಗೆ ಅದು ವಿಷ.”

“ಇವಳು ಬೆಲ್ಲ ಮುಟ್ಟುವುದೇ ಇಲ್ಲ ಡಾಕ್ಟ್ರೇ,” ಎಂದ ಭೋಜ.

“ಹಾಗಾದರೆ ಯಾರೋ ತಿನ್ನಿಸಿದ್ದಾರೆ.”

ದೇಯಕ್ಕ ಗೋಡೆಯ ಕ್ಯಾಲೆಂಡರ್ ಓದತೊಡಗಿದರು. ಅವರಿಗೆ ಓದು ಬರುತ್ತಿರಲಿಲ್ಲ. ಕಾಂತಿ ಮಲಗಿದಲ್ಲಿಂದಲೇ ನೋಡಿದಳು.

ಗುಣವಾಗಿ ಬಂದವಳು ಜಗಳ ಮಾಡಲಿಲ್ಲ. ಅಡುಗೆಮನೆ ತನ್ನ ಕೈಗೆ ತೆಗೆದುಕೊಂಡಳು, ಬೆಲ್ಲದ ಡಬ್ಬಿಯನ್ನು ಹೊರಗೆ ಹಾಕಿದಳು. ಬಂದವರಿಗೆ ಇನ್ನು ಮೇಲೆ ನೀರಿನ ಜೊತೆ ಚಕ್ಕುಲಿ. ಆ ಚಕ್ಕುಲಿ ಕೈಜಾರಿದರೆ ನೆಲಕ್ಕೆ ಸಿಮೆಂಟು ಮೆತ್ತಬೇಕು, ಅಷ್ಟು ಗಟ್ಟಿ.

ದೇಯಕ್ಕ ಅಂಗಡಿಯಿಂದ ಕದ್ದುಮುಚ್ಚಿ ತರಿಸಿ ತಿಂದ ಬೆಲ್ಲ ಅವರ ಹಲ್ಲುಗಳನ್ನು ಒಂದೊಂದಾಗಿ ಕರೆದುಕೊಂಡು ಹೋಯಿತು. ಎರಡು ಸಾವಿರದ ಏಳರ ಹೊತ್ತಿಗೆ ಬಾಯಿ ಬರೀ ಬಯಲು. ಕಾಂತಿ ಕಾಯುತ್ತಿದ್ದದ್ದು ಇದಕ್ಕೇ. ಅಂದಿನಿಂದ ದಿನಾ ಸಂಜೆ ಅತ್ತೆಯ ಎದುರೇ ಕುಳಿತು ಚಕ್ಕುಲಿ ಕಡಿಯತೊಡಗಿದಳು. ಆ ಸದ್ದಿಗೆ ಹೆದ್ದಾರಿಯ ಬಸ್ಸಿನವರು ಗೇರ್‌ಬಾಕ್ಸ್ ಒಡೆಯಿತೆಂದು ಇಳಿದು ನೋಡುತ್ತಿದ್ದರು.

“ಮಗಳೇ, ನನ್ನ ಚಕ್ಕುಲಿಯನ್ನು ಚಾಯದಲ್ಲಿ ನೆನೆಸಿ ಕೊಡು. ಒಸಡು ಹರಿಯುತ್ತದೆ,” ಎಂದರು ದೇಯಕ್ಕ ಒಂದು ದಿನ.

ಕಾಂತಿ ಒಣ ಚಕ್ಕುಲಿಯನ್ನೇ ಮುರಿದು ಅವರ ಅಂಗೈಯಲ್ಲಿಟ್ಟಳು.

“ಒಂದು ತುಂಡು ಚಕ್ಕುಲಿಯಿಂದ ಯಾರೂ ಸತ್ತದ್ದಿಲ್ಲ ಅತ್ತೆ.”