ಬಸವನ ಮೂಲೆಯ ಬೇಲಿ

ನಮ್ಮ ಕೇಂದ್ರದ ಒಳಗೆ ಏನಿದೆ ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ ಒಂದೇ: ಗೊತ್ತಿಲ್ಲ. ಇದು ಸುಳ್ಳಲ್ಲ. ಕಾಮಗೆರೆ ದಾಟಿ ಹನೂರಿನ ಕಡೆಗೆ ಹೋಗುವಾಗ ಸಿಗುವ ಆ ಸರ್ಕಾರಿ ಆವರಣದ ಮೊದಲನೇ ಗೇಟಿನಲ್ಲಿ ಕೂತು ಕೂತು ನನ್ನ ತಲೆ ನರೆತಿದೆ, ಎರಡನೇ ಗೇಟನ್ನು ನಾನು ದಾಟಿದವನಲ್ಲ. ನನಗೆ ಗೊತ್ತಿರುವುದು ಬೇಲಿ. ಆ ಬೇಲಿಯ ಬಗ್ಗೆ ಹೇಳಬೇಕಾದರೆ ಕೋಮಲಳ ಬಗ್ಗೆ ಹೇಳಬೇಕಾಗುತ್ತದೆ.

ಹಳೇ ಬೇಲಿಗೆ ಕಟ್ಟಿದ್ದ ಅಲಾರಂ ತಂತಿ ಮಹಾ ಪುಕ್ಕಲು. ಗಾಳಿ ಬೀಸಿದರೆ ಕೂಗುತ್ತಿತ್ತು, ಕೋತಿ ಕೂತರೆ ಕೂಗುತ್ತಿತ್ತು, ಯಾರದೋ ಹೊಲದಿಂದ ಹಾರಿಬಂದ ಪ್ಲಾಸ್ಟಿಕ್ ಚೀಲ ಸಿಕ್ಕಿಕೊಂಡರೂ ಕೂಗುತ್ತಿತ್ತು. ಕಂಟ್ರೋಲ್ ರೂಮಿನವರು ಒಂದು ಕೈಯಲ್ಲಿ ಟೀ ಲೋಟ ಹಿಡಿದೇ ಇನ್ನೊಂದು ಕೈಯಲ್ಲಿ ಅದರ ಬಾಯಿ ಮುಚ್ಚಿಸುವುದನ್ನು ಕಲಿತುಬಿಟ್ಟಿದ್ದರು. ಅಂತೂ ಮೇಲಿನವರಿಗೆ ಜ್ಞಾನೋದಯವಾಗಿ ಬೇಲಿಯ ಕಾವಲನ್ನೆಲ್ಲ ಹೊಸದು ಮಾಡುವ ಆದೇಶ ಬಂತು. ಬೆಂಗಳೂರಿನ ಒಂದು ಕಂಪನಿ ಗುತ್ತಿಗೆ ಹಿಡಿಯಿತು. ಆ ಕಂಪನಿ ಕಳಿಸಿದ ಟೆಕ್ನಿಷಿಯನ್ನೇ ಕೋಮಲ.

ಹೆಸರು ಕೋಮಲ, ಅಷ್ಟೆ. ಮಾತು ಜಾಲಿ ಮುಳ್ಳು. ಮಧುವನಹಳ್ಳಿಯ ಹೆಣ್ಣುಮಗಳು, ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದವಳು. ಗಂಡ ಬೈಕ್ ಅಪಘಾತದಲ್ಲಿ ತೀರಿಕೊಂಡಾಗ ಮಗಳು ದೀಪ ಇನ್ನೂ ಅಂಬೆಗಾಲಿಡುತ್ತಿದ್ದಳಂತೆ. ಮಗುವನ್ನು ತಾಯಿ ಕೆಂಪಾಜಮ್ಮನ ಮಡಿಲಿಗೆ ಹಾಕಿ ಇವಳು ಕಂಪನಿಯ ಕೆಲಸಕ್ಕೆ ಊರೂರು ಅಲೆದಳು. ಗುಜರಾತಿನ ಬಂದರಿಗೆ ಬೇಲಿ ಕಟ್ಟಿಸಿದ್ದಾಳೆ, ಒಡಿಶಾದ ಯಾವುದೋ ಕಾರ್ಖಾನೆಗೆ ಕಟ್ಟಿಸಿದ್ದಾಳೆ. ಮಗಳು ಶಾಲೆಗೆ ಸೇರಿದ್ದನ್ನೂ ಹಲ್ಲು ಬಿದ್ದದ್ದನ್ನೂ ಫೋನಿನಲ್ಲೇ ನೋಡಿದಳು.

ಈ ಸಲ ಕೆಲಸ ಸಿಕ್ಕಿದ್ದು ಸ್ವಂತ ಊರಿನ ಮಗ್ಗುಲಲ್ಲಿ. ಆದರೆ ಕೆಲಸ ಮುಗಿಯುವ ತನಕ ಗುತ್ತಿಗೆಯವರು ಆವರಣದ ಶೆಡ್ಡಿನಲ್ಲೇ ಇರಬೇಕೆಂಬ ನಿಯಮ. ಭಾನುವಾರ ಮಾತ್ರ ಹೊರಗೆ. ಬಸ್ಸು ಹತ್ತಿದರೆ ಮನೆ, ಹತ್ತುವ ಹಾಗಿಲ್ಲ. ಕಂಪನಿ ಅವಳಿಗೊಂದು ಮಾತು ಕೊಟ್ಟಿತ್ತು: ಸರ್ಕಾರದವರ ಪರೀಕ್ಷೆಯಲ್ಲಿ ಬೇಲಿ ಪಾಸಾದರೆ ಅದನ್ನು ನೋಡಿಕೊಳ್ಳುವ ಕಾಯಂ ಕೆಲಸ ಅವಳದೇ, ಇಲ್ಲೇ. ಫೇಲಾದರೆ ಮುಂದಿನ ಸೈಟು ರಾಜಸ್ಥಾನ. ಈ ವಿಷಯ ನನಗೆ ಹೇಳುವಾಗ ಅವಳ ದನಿ ಸ್ವಲ್ಪವೂ ನಡುಗಲಿಲ್ಲ.

ಹೊಸ ಬೇಲಿಯ ಉದ್ದಕ್ಕೂ ಗಾಜಿನ ಎಳೆಯ ಕೇಬಲ್ ಕಟ್ಟಿಸಿದಳು. ಯಾರಾದರೂ ಬೇಲಿ ಅಲ್ಲಾಡಿಸಿದರೆ ಯಾವ ಕಂಬದ ಹತ್ತಿರ ಎಂದು ಅದು ಹೇಳುತ್ತದೆ. ಗಾಳಿಗೂ ಕೋತಿಗೂ ಮನುಷ್ಯನಿಗೂ ವ್ಯತ್ಯಾಸ ಕಲಿಸಲು ಅವಳು ತಾನೇ ಬಿಸಿಲಲ್ಲಿ ನಿಂತು ಒಂದೊಂದು ಕಂಬವನ್ನೂ ಹಿಡಿದು ಜಗ್ಗುತ್ತಿದ್ದಳು. ಒಂದು ಬೆಳಿಗ್ಗೆ ಕಾಮಗೆರೆ ಕಡೆಯ ಮೂಲೆಗೆ ಬಂದು ಜಗ್ಗಿದಳು. ಅಲಾರಂ ಬರಲಿಲ್ಲ. ಮತ್ತೆ ಜಗ್ಗಿದಳು, ಒದ್ದಳು. ಊಹೂಂ.

ಕೇಬಲ್ ಸರಿಯಾಗಿತ್ತು. ಆ ಮೂಲೆಯನ್ನು ಒಳಗಿನಿಂದಲೇ ಬಂದ್ ಮಾಡಿದ್ದರು. ಮಾಡಿದವನು ಕಂಟ್ರೋಲ್ ರೂಮಿನ ಶಿಫ್ಟ್ ಇನ್‌ಚಾರ್ಜ್ ಗುರುಪ್ರಕಾಶ್. ಕಾರಣ, ಬಸವ.

ಕಾಮಗೆರೆಯ ಕಡೆಯವರು ಮಾದಪ್ಪ ದೇವರಿಗೆ ಹರಕೆಯೆಂದು ಬಿಟ್ಟ ಗೂಳಿ ಅದು. ಯಾರ ಹೊಲದಲ್ಲಿ ಮೇಯ್ದರೂ ಬೈಯುವವರಿಲ್ಲ, ಯಾವ ಅಂಗಡಿಯ ಮುಂದೆ ನಿಂತರೂ ಬಾಳೆಹಣ್ಣು ಗ್ಯಾರಂಟಿ. ಬೆಳಿಗ್ಗೆ ಹೊತ್ತಿಗೆ ನಮ್ಮ ಬೇಲಿಯ ಮೂಲೆಗೆ ಬಂದು ಕಂಬಕ್ಕೆ ಬೆನ್ನು ಕೊಟ್ಟು, ಕಣ್ಣು ಅರೆ ಮುಚ್ಚಿ, ಗರಗರ ಉಜ್ಜುತ್ತದೆ. ಹೊಸ ಕೇಬಲ್ ಕೂಗದೆ ಇರುತ್ತದೆಯೇ? ಕೋಲೆತ್ತಿ ಓಡಿಸಲು ನಮ್ಮಲ್ಲಿ ಒಬ್ಬನಿಗೂ ಧೈರ್ಯವಿಲ್ಲ. ದೇವರ ಬಸವ ನೆಮ್ಮದಿಯಾಗಿ ಉಜ್ಜಿಕೊಳ್ಳಲಿ ಎಂದು ಗುರುಪ್ರಕಾಶ್ ಬೆಳಿಗ್ಗೆ ಹೊತ್ತು ಆ ಮೂಲೆಯನ್ನೇ ಮಲಗಿಸಿಬಿಡುತ್ತಿದ್ದ. ಅವನ ಕೋಣೆಯಲ್ಲಿ ಇದು ಭಕ್ತಿ ಎನಿಸಿಕೊಂಡಿತ್ತು. ಸೋಮಾರಿತನಕ್ಕೂ ಅನುಕೂಲವಾಗಿತ್ತು ಎನ್ನುವುದು ನನ್ನ ಅಭಿಪ್ರಾಯ.

ಕೋಮಲ ನೇರ ಎರಡನೇ ಗೇಟಿನ ಈಚೆಗೇ ಇರುವ ಕಂಟ್ರೋಲ್ ರೂಮಿನ ಬಾಗಿಲಿಗೆ ಹೋದಳು. ನಾನೂ ಹಿಂದೆಯೇ ಹೋದೆ, ಜಗಳ ನೋಡುವ ಆಸೆಯಿಂದ.

"ಸಾ, ಆ ಮೂಲೆ ಯಾಕೆ ಬಂದಾಗದೆ?"

"ಬಸವ ಬತ್ತದೆ ಕಣಮ್ಮ. ನೀನೂ ಈ ಸೀಮೆಯವ್ಳೇ ತಾನೆ? ಮಾದಪ್ಪನ ಬಸವನ ಮೇಲೆ ಅಲಾರಂ ಒಡಸ್ತೀಯಾ?"

"ಬಸವ್ನಿಗೆ ನಾನೂ ಕೈ ಮುಗೀತೀನಿ ಸಾ. ಆದ್ರೆ ಓಗಿ ನೋಡಿ ಕೈ ಮುಗೀತೀನಿ. ನೀವು ಇಲ್ಲೇ ಕೂತ್ಕಂಡು ಮುಗೀತಾ ಇದ್ದೀರಿ. ಬಂದಿರೋದು ಬಸವ್ನೋ ಕಳ್ಳನೋ, ನಿಮ್ಗೆಂಗೆ ಗೊತ್ತು?"

"ಕ್ಯಾಮ್ರಾ ಅದಲ್ಲ?"

"ಮಂಜಿರೋ ಒತ್ನಲ್ಲಿ ಕ್ಯಾಮ್ರಾದಲ್ಲಿ ಎಮ್ಮೆನೂ ಒಂದೇ, ನೀವೂ ಒಂದೇ."

ಗುರುಪ್ರಕಾಶನ ಮುಖ ಕೆಂಪಗಾಯಿತು. ನಾನು ಕೆಮ್ಮಿದಂತೆ ಮಾಡಿ ಆ ಕಡೆ ತಿರುಗಿದೆ.

ಅವಳು ಜಗಳಕ್ಕೇ ನಿಲ್ಲಿಸಲಿಲ್ಲ. ಕಂಬಗಳಿಗೆ ಒಂದೊಂದು ಸ್ವಿಚ್ಚು ಕೂರಿಸುತ್ತೇನೆ, ಅಲಾರಂ ಬಂದ ಜಾಗಕ್ಕೆ ಒಬ್ಬ ಹೋಗಿ ಅದನ್ನು ಒತ್ತಿದರೆ ಮಾತ್ರ ಕಂಟ್ರೋಲ್ ರೂಮಿನ ಕೂಗು ನಿಲ್ಲಬೇಕು ಎಂದಳು. ಅದು ಆರ್ಡರಿನಲ್ಲಿ ಇಲ್ಲ ಎಂದರು ಬೆಂಗಳೂರಿನ ಎಂಜಿನಿಯರು. ಫೋನಿನಲ್ಲಿ ಅವಳು ಅವರಿಗೆ ಏನೆಂದಳೋ, ಮಾರನೇ ವಾರ ಸ್ವಿಚ್ಚಿನ ಪೆಟ್ಟಿಗೆಗಳು ಬಂದವು. ಕೇಂದ್ರದ ಮುಖ್ಯಸ್ಥರು ಬೇಡವೆಂದರು. ಅವರ ಜೀಪಿಗೆ ಅಡ್ಡ ನಿಂತು ಒಪ್ಪಿಸಿದಳು. ಬಸವನನ್ನು ಯಾರೂ ಓಡಿಸುವುದಿಲ್ಲ, ಯಾವ ಮೂಲೆಯನ್ನೂ ಯಾರೂ ಬಂದ್ ಮಾಡುವುದಿಲ್ಲ ಎಂದು ಮುಖ್ಯಸ್ಥರ ಬಾಯಿಂದಲೇ ಹೇಳಿಸಿದಳು.

ಅಲ್ಲಿಂದ ನಮ್ಮ ಕಾಲಿಗೆ ಗ್ರಹಚಾರ ಶುರುವಾಯಿತು. ಎಲ್ಲರಿಗಿಂತ ಹೆಚ್ಚು ಉರಿದುಕೊಂಡವನು ಚಿಕ್ಕಮಾದಪ್ಪ. ಆ ಮೂಲೆಯ ಸುತ್ತಿನ ಗಾರ್ಡು ಅವನು, ದಪ್ಪ ಆಸಾಮಿ, ಕೂತರೆ ಏಳುವುದು ಕಷ್ಟ. "ಈ ಯಮ್ಮ ನಮ್ ಮಂಡಿ ಚಿಪ್ಪ ಕಳಚಿ ಕೈಗೆ ಕೊಡ್ತಳೆ ಕಣ್ಲಾ" ಎಂದು ದಿನಾ ಗೊಣಗುತ್ತಿದ್ದ. ಗೊಣಗಿಕೊಂಡೇ ಹೋಗುತ್ತಿದ್ದ. ಮೊದಮೊದಲು ಕೋಮಲ ಅವನ ಜೊತೆಯಲ್ಲೇ ನಡೆದಳು, ಬಿಸಿಲಿಗೂ ನಡೆದಳು, ಮಳೆಗೂ ನಡೆದಳು. ಬರಿಗೈಲಿ ಬಸವನ ಮುಂದೆ ನಿಲ್ಲಲು ಅವನಿಗೆ ಮನಸ್ಸು ಬರದೆ, ಹೋಗುವಾಗ ಜೇಬಿನಲ್ಲಿ ಒಂದು ಬಾಳೆಹಣ್ಣು ಇಟ್ಟುಕೊಳ್ಳುವುದು ರೂಢಿಯಾಯಿತು. ಹಣ್ಣು ಕೊಟ್ಟು, ಬೇಲಿಯ ಈಚೆಯಿಂದ ಕೈ ಮುಗಿದು, ಸ್ವಿಚ್ಚು ಒತ್ತಿ ಬರುತ್ತಿದ್ದ.

ಕಡೆಗೆ ಪರೀಕ್ಷೆಯ ತಂಡ ಬಂತು. ಅವರ ಕಡೆಯ ಒಬ್ಬ, ಯಾವ ದಿನವಾದರೂ ಯಾವ ಹೊತ್ತಾದರೂ, ಬೇಲಿ ಹತ್ತಿ ಒಳಗೆ ಇಳಿಯಲು ನೋಡುತ್ತಾನೆ. ಕಾಲು ನೆಲಕ್ಕೆ ತಾಗುವ ಮೊದಲು ಹಿಡಿದರೆ ಪಾಸು. ಅದು ಮುಗಿಯುವ ತನಕ ಗುತ್ತಿಗೆಯವರು ಯಾವುದನ್ನೂ ಮುಟ್ಟಬಾರದು. ಕೋಮಲಳ ಫೋನು ತೆಗೆದಿಟ್ಟು ಅವಳನ್ನು ನನ್ನ ಗೇಟಿನ ಬೆಂಚಿನ ಮೇಲೆ ಕೂರಿಸಿದರು.

ಆ ಬೆಳಿಗ್ಗೆ ಮಂಜು ಕವಿದಿತ್ತು. ಗೇಟಿನ ಎದುರಿನ ಟೀ ಅಂಗಡಿ ಮಾತ್ರ ಕಾಣುತ್ತಿತ್ತು. ಅಂಗಡಿಯ ಮುಂದೆ ಬಸವ ನಿಂತು ನಿಧಾನವಾಗಿ ಬಾಳೆಹಣ್ಣಿನ ಸಿಪ್ಪೆ ಅಗಿಯುತ್ತಿತ್ತು.

ನನ್ನ ವಾಕಿಟಾಕಿ ಗೊರಗುಟ್ಟಿತು. ಗುರುಪ್ರಕಾಶನ ದನಿ: "ಮೂಲೇಲಿ ಅಲಾರಂ. ಬಸವ ಬಂದದೆ. ಚಿಕ್ಕಮಾದಪ್ಪ, ಓಗಿ ಸ್ವಿಚ್ ಒತ್ತಿ ಬಾ."

ನಾನು ಬಸವನನ್ನು ನೋಡಿದೆ. ಕೋಮಲಳೂ ನೋಡಿದಳು. ಬಸವ ಇಲ್ಲಿದ್ದರೆ ಅಲ್ಲಿ ಬೇಲಿ ಅಲ್ಲಾಡಿಸುತ್ತಿರುವವನು ಯಾರು? ಆ ತಂಡದವರು ಹಿಂದಿನ ದಿನ ಇದೇ ಅಂಗಡಿಯಲ್ಲಿ ಟೀ ಕುಡಿಯುತ್ತ ಬಸವನ ಸಮಾಚಾರ ವಿಚಾರಿಸಿದ್ದು ನನಗೆ ನೆನಪಾಯಿತು.

"ಈಗ್ತಾನೆ ತಟ್ಟೆಗೆ ಇಡ್ಲಿ ಆಕಂಡಿವ್ನಿ ಸಾ" ಎಂದಿತು ಚಿಕ್ಕಮಾದಪ್ಪನ ದನಿ.

ನಾನು ವಾಕಿಟಾಕಿ ಬಾಯಿಯ ಹತ್ತಿರ ತಂದೆ. "ಏಳ್ಬುಡ್ಲಾ ಕೋಮಲಮ್ಮ? ಬಸವ ಇಲ್ಲೇ ಅದೆ ಅಂತ ಒಂದ್ ಮಾತು."

ಅವಳ ಮುಖ ಸುಣ್ಣದ ಗೋಡೆಯಂತಾಗಿತ್ತು. ಬೆಂಚಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. "ಬ್ಯಾಡ ಮಾದಣ್ಣ" ಎಂದು ನನಗೆ ಹೇಳಿದಳು. "ನಾವು ಏಳ್ಕೊಟ್ಟು ಪಾಸಾದ್ರೆ ಅದು ಪಾಸಲ್ಲ. ನಾಳೆ ನಿಜ್ವಾಗ್ಲೂ ಒಬ್ಬ ಬಂದಾಗ ಬಸವ ಇಲ್ಲಿ ನಿಂತಿರ್ತದಾ, ನೀವು ಏಳಕೆ?"

ನನಗೆ ಅವಳ ಮೇಲೆ ಸಿಟ್ಟು ಬಂತು. ರಾಜಸ್ಥಾನದ ಮರಳು ಕಣ್ಣ ಮುಂದೆ ಬರುತ್ತಿರುವಾಗ ಇದೇನು ಹಟ? ಆದರೂ ವಾಕಿಟಾಕಿ ಕೆಳಗಿಟ್ಟೆ.

ಕಂಟ್ರೋಲ್ ರೂಮಿನಲ್ಲಿ ಅಲಾರಂ ಕೂಗುತ್ತಲೇ ಇತ್ತು, ವಾಕಿಟಾಕಿಯಲ್ಲೂ ಕೇಳುತ್ತಿತ್ತು. ಅದರ ಬಾಯಿ ಮುಚ್ಚಿಸಲು ಗುರುಪ್ರಕಾಶನ ಕೈಗೆ ಈಗ ಏನೂ ಇಲ್ಲ. "ಲೇ, ತಲೆ ಚಿಟ್ ಇಡೀತದೆ, ಓಗ್ಲಾ ಬೇಗ" ಎಂದು ಕಿರುಚಿದ. "ಓಯ್ತಾವ್ನಿ ಸಾ" ಎಂದ ಚಿಕ್ಕಮಾದಪ್ಪ. ಆಮೇಲೆ ಬರೀ ಅವನ ಏದುಸಿರು ಮತ್ತು ಬೂಟಿನ ಸದ್ದು. ಕೋಮಲ ಕಣ್ಣು ಮುಚ್ಚಿಕೊಂಡಳು.

ಮಂಜಿನೊಳಗೆ ಚಿಕ್ಕಮಾದಪ್ಪ ಸುಲಿದ ಬಾಳೆಹಣ್ಣನ್ನು ಮುಂದೆ ಚಾಚಿಕೊಂಡು, "ಬಾರಪ್ಪ ನನ್ ದೇವ್ರೇ" ಎನ್ನುತ್ತ ಮೂಲೆಗೆ ಹೋದನಂತೆ. ಮುಳ್ಳುತಂತಿಗೆ ಕಂಬಳಿ ಹಾಸಿ, ಒಂದು ಕಾಲು ಆಚೆ ಒಂದು ಕಾಲು ಈಚೆ ಹಾಕಿ, ಪ್ಯಾಂಟು ಸಿಕ್ಕಿಸಿಕೊಂಡು ಕೂತಿದ್ದ ಯುವಕ ಆ ಹಣ್ಣನ್ನೇ ನೋಡಿದನಂತೆ. ನಮಗೆ ಕೇಳಿಸಿದ್ದು ಇಷ್ಟು: "ಸಾ, ಬಸವ ಅಲ್ಲ. ಮನ್ಸ. ಬೇಲಿ ಮೇಲವ್ನೆ, ಇನ್ನೂ ಇಳಿದಿಲ್ಲ. ಇಡ್ಕಂಡಿವ್ನಿ ಕಾಲ."

ತಂಡದ ಹಿರಿಯರು ಮಧ್ಯಾಹ್ನ ಪಾಸೆಂದು ಬರೆದು ಸಹಿ ಹಾಕಿದರು. ಕಂಬದ ಸ್ವಿಚ್ಚು ಯಾರ ಯೋಚನೆ ಎಂದು ಕೇಳಿದರು. ಗುರುಪ್ರಕಾಶ್ ಗಂಟಲು ಸರಿಮಾಡಿಕೊಂಡು ಬಾಯಿ ತೆರೆದ, ಅಷ್ಟರಲ್ಲಿ ಚಿಕ್ಕಮಾದಪ್ಪ, "ಇವಮ್ಮಂದು ಸಾ, ನಮ್ ಜೀವ ತಿಂದ್ಬುಟ್ಲು" ಎಂದ. ಅವನ ಬಾಯಲ್ಲಿ ಅದು ಹೊಗಳಿಕೆಯೇ.

ಸಂಜೆ ಅವಳ ಫೋನನ್ನು ನಾನೇ ಕೈಗೆ ಕೊಟ್ಟೆ. ಅಲ್ಲೇ ನಿಂತು ತಾಯಿಗೆ ಫೋನ್ ಮಾಡಿದಳು. ಪಾಸು ಎನ್ನಲಿಲ್ಲ, ಕಾಯಂ ಎನ್ನಲಿಲ್ಲ.

"ಅವ್ವಾ, ಮುದ್ದೆಗೆ ಎಸ್ರಿಟ್ಟಿದ್ಯಾ? ನನ್ಗೂ ಒಂದು ಸೇರ್ಸಿ ಕಟ್ಟು. ಇವತ್ತಿಂದ ದಿನಾ."