ಸಾತಲಿಂಗಪ್ಪ ಸರ್ ಕಲಿಸಿದ ಭೂತಕಾಲ

ಕನ್ನಡವನ್ನೂ ಮರಾಠಿಯನ್ನೂ ಒಂದೇ ಉಸಿರಿನಲ್ಲಿ ಆಡುವ ಸೊಲ್ಲಾಪುರದಲ್ಲಿ ಸ್ಪ್ಯಾನಿಷ್ ಭಾಷೆಗೂ ಒಂದು ಮಣೆ ಹಾಕಿಕೊಟ್ಟವರು ಪ್ರಾಧ್ಯಾಪಕ ಸಾತಲಿಂಗಪ್ಪನವರು. ಕರಜಗಿಯ ಒಕ್ಕಲು ಮನೆತನದಲ್ಲಿ ಹುಟ್ಟಿ, ಅಕ್ಕಲಕೋಟದಲ್ಲಿ ಓದಿ, ಮುಂಬಯಿಯ ಹಡಗು ಕಂಪನಿಯೊಂದರಲ್ಲಿ ಗುಮಾಸ್ತರಾಗಿದ್ದಾಗ ಆ ಭಾಷೆಯನ್ನು ವಶಮಾಡಿಕೊಂಡ ಅವರು, ಮುಂದೆ ಇಲ್ಲಿಯ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾದರು. ಹೊರದೇಶಗಳಿಗೆ ಚಾದರ, ಟವೆಲ್ ಕಳಿಸುವ ವ್ಯಾಪಾರಸ್ಥರಿಗಾಗಿ ಸಂಜೆ ಸ್ಪ್ಯಾನಿಷ್ ವರ್ಗವನ್ನೂ ತೆರೆದರು. ೧೯೭೯ರ ಈ ವರ್ಷ ಅವರು ಕಾಲೇಜಿನಿಂದ ನಿವೃತ್ತರಾಗುತ್ತಿದ್ದಾರೆ.

"ಹಿಂದಿನ ಕಾಲ ನಮಗ ಯಾಕ್ರಿ ಸರ್? ಮಾಲು ಮುಂದ ಹೋಗೂದೈತಿ," ಎಂದು ಚಾದರದ ವ್ಯಾಪಾರಿ ಖಂಡಪ್ಪ ಒಮ್ಮೆ ಕೇಳಿದ್ದರು.

"ಮಾಲು ಮುಟ್ಟಿತು ಅಂತ ಆ ಕಡಿಯವರು ಹೇಳಿದ್ರ ತಿಳೀಬೇಕಲ್ರಿ," ಎಂದು ಸರ್ ನಕ್ಕು, ನಿಯಮಿತ ಕ್ರಿಯಾಪದಗಳನ್ನು ಹಲಗೆಯ ಮೇಲೆ ಬರೆದರು. 'ಆಬ್ಲಾರ್' ಎಂದರೆ ಮಾತಾಡು. ಕೊನೆಯ 'ಆರ್' ತೆಗೆದು 'ಏ' ಹಚ್ಚಿದರೆ 'ಆಬ್ಲೇ', ನಾನು ಮಾತಾಡಿದೆ. 'ಓ' ಹಚ್ಚಿದರೆ 'ಆಬ್ಲೋ', ಅವನು ಮಾತಾಡಿದ. ಅಷ್ಟೇ ಸರಳ.

೧೯೭೪ರಲ್ಲಿ ಆ ವರ್ಗಕ್ಕೆ ಇಂದುಬಾಯಿ ಬಂದರು. ಗಂಡ ಅಮೃತಪ್ಪ ಜ್ವರದಿಂದ ತೀರಿಕೊಂಡು, ಟವೆಲ್ ಅಂಗಡಿಯ ಹೊಣೆ ಅವರ ಮೇಲೆ ಬಿದ್ದಿತ್ತು. ಅತ್ತೆ ಶಾರದಾಬಾಯಿ ಜೊತೆಗೆ ಬಂದು ಹಿಂದಿನ ಬಾಕಿನ ಮೇಲೆ ಕೂರುತ್ತಿದ್ದರು. ಇಂದುಬಾಯಿ ಬೇಗ ಕಲಿತರು. ಆದರೆ ಭೂತಕಾಲದಲ್ಲಿ 'ನಾನು', 'ನೀನು' ಎಲ್ಲ ಸರಾಗವಾಗಿ ಹೇಳಿದವರಿಗೆ 'ಅವನು' ಎಂಬಲ್ಲಿ ಬಾಯಿ ಕಟ್ಟುತ್ತಿತ್ತು. ಕನ್ನಡದಲ್ಲಿಯೂ ಅವರು, "ಅವರು ಚಹಾಕ್ಕ ಸಕ್ರಿ ಕಡಿಮಿ ಹಾಕ್ಕೋತಾರ," ಎಂದೇ ಗಂಡನ ಮಾತು ತೆಗೆಯುತ್ತಿದ್ದರು. "ಹಾಕ್ಕೋತಿದ್ರು" ಎಂದು ಒಮ್ಮೆಯೂ ಅಂದವರಲ್ಲ. ಸರ್ ಇದನ್ನು ಗಮನಿಸಿದರು, ತಿದ್ದಲಿಲ್ಲ. ಇಂದುಬಾಯಿಯ ಸರದಿ ಬಂದಾಗ ಆ ಒಂದು ರೂಪವನ್ನು ಇಡೀ ವರ್ಗದಿಂದ ಒಟ್ಟಿಗೆ ಹೇಳಿಸಿದರು. ನಿಯಮ ಮೀರುವ ಕ್ರಿಯಾಪದಗಳ ಪಾಠದಲ್ಲಿ 'ಸಾಯು' ಎಂಬುದು ಇದ್ದುದರಿಂದ, ಆ ವರ್ಷ ಆ ಪಾಠವನ್ನು ಮಾಡಲೇ ಇಲ್ಲ.

ಮರುವರ್ಷದ ಚಳಿಗಾಲದಲ್ಲಿ ಮೆಕ್ಸಿಕೊದ ಹಳೆಯ ಗಿರಾಕಿಯೊಬ್ಬರು ಅಂಗಡಿಗೆ ಬಂದರು. ನೆರವಿಗಿರಲೆಂದು ಇಂದುಬಾಯಿ ಸರ್ ಅವರನ್ನೂ ಕರೆಸಿದ್ದರು. ಬಂದವರು ಮಾಲೀಕರು ಕೂರುವ ಖಾಲಿ ಗಾದಿಯತ್ತ ನೋಡಿ, ಅಮೃತಪ್ಪ ಎಲ್ಲಿ ಎಂದು ಕೇಳಿದರು. ಉತ್ತರ ಸರ್ ಅವರ ನಾಲಿಗೆಯ ತುದಿಗೆ ಬಂದಿತ್ತು. ಇಂದುಬಾಯಿಯ ಮುಖ ನೋಡಿ ಅವರು ಸುಮ್ಮನಾದರು.

"ತ್ರಬಹೋ ಅಕೀ," ಎಂದರು ಇಂದುಬಾಯಿ. ಅವರು ಇಲ್ಲಿ ಕೆಲಸ ಮಾಡಿದರು. ತುಸು ತಡೆದು, "ಬಿಬಿಯೋ ಬ್ಯೆನ್," ಎಂದರು. ಚೆನ್ನಾಗಿ ಬದುಕಿದರು. ಗಿರಾಕಿಗೆ ಅರ್ಥವಾಯಿತು, ಎದ್ದು ನಿಂತು ತಲೆ ಬಾಗಿಸಿದರು. ಆಗ ಇಂದುಬಾಯಿ ಪಕ್ಕದಲ್ಲಿದ್ದ ಅತ್ತೆಯ ಕೈ ಹಿಡಿದು ಮತ್ತೊಂದು ಮಾತು ಸೇರಿಸಿದರು: "ಬಿಬಿಮೋಸ್ ಹುಂತೋಸ್."

"ಏನಂದ್ಳ್ರಿ ಸರ್ ಅಕಿ?" ಶಾರದಾಬಾಯಿ ಕೇಳಿದರು.

"ನಾವು ಕೂಡಿ ಬಾಳಿದಿವಿ ಅಂದ್ರು, ಬಾಯಾರ. ಆದ್ರ ಆ ಭಾಷಾದಾಗ 'ನಾವು' ಅಂದಾಗ ಈ ಪದ ಬದಲಾಗೂದಿಲ್ರಿ. ಬಾಳಿದಿವಿ ಅಂದ್ರೂ ಅದ ಪದ, ಬಾಳತೀವಿ ಅಂದ್ರೂ ಅದ ಪದ."

ಶಾರದಾಬಾಯಿ ಸೊಸೆಯ ಕೈಯ ಮೇಲೆ ತಮ್ಮ ಇನ್ನೊಂದು ಕೈ ಇಟ್ಟರು. "ಅದೊಂದು ಹಂಗ ಇರಲಿ ಬಿಡ್ರಿ," ಎಂದರು.

ಗಂಡ ಹೋದ ಮೇಲೆ ನಾಲ್ಕು ಜನರೆದುರು ಇಂದುಬಾಯಿ ಅತ್ತದ್ದು ಅಂದೇ. ಸರ್ ಗಿರಾಕಿಯನ್ನು ಮೆಲ್ಲಗೆ ಟವೆಲುಗಳ ಕಡೆಗೆ ಕರೆದೊಯ್ದು, ಅತ್ತೆ ಸೊಸೆಯರಿಗೆ ಬೇಕಾದಷ್ಟು ಹೊತ್ತು ಅಲ್ಲಿಯೇ ಮಾತಿಗೆ ಹಿಡಿದಿದ್ದರು. ಇಂದು ಆ ವ್ಯಾಪಾರವನ್ನೆಲ್ಲ ಇಂದುಬಾಯಿಯೇ ನಡೆಸುತ್ತಿದ್ದಾರೆ.

ನಿವೃತ್ತಿಯ ನಂತರ ಸರ್ ಅಕ್ಕಲಕೋಟದಲ್ಲಿ ನೆಲೆಸುವರೆಂದು ತಿಳಿದಾಗ ಇಂದುಬಾಯಿ, "ಹಂಗಾದ್ರ ವರ್ಗ ನಿಂತಂಗೇನ್ರಿ?" ಎಂದು ಅಂಜುತ್ತಲೇ ಕೇಳಿದರು.

"ಎಸ್.ಟಿ. ಐತಲ್ರಿ, ಬರ್ತೀನಿ," ಎಂದರು ಸರ್.

ಆ ಬಸ್ಸಿನಲ್ಲಿ ಅವರಿಗೆ ಬಹುಕಾಲ ಕಿಟಕಿಯ ಪಕ್ಕದ ಜಾಗ ಸಿಗುತ್ತಿರಲಿ. ಕಣ್ಣು, ಕಾಲು, ಕಂಠ ಮೂರೂ ಗಟ್ಟಿಯಾಗಿದ್ದು ಅವರು ನೂರು ವರ್ಷ ಬಾಳಲಿ, ಬಾಳಿದಷ್ಟು ಕಾಲವೂ ಕಲಿಸುತ್ತಿರಲಿ.