ಮಂಜವ್ವ ಐಪೀಸು ಆರಿಸಿದ್ದು

ಸವಣೂರಿನಲ್ಲಿ ವೀಳ್ಯದೆಲೆ ಮಾರುವ ಮಂಜವ್ವ ಗಂಡನಿಗೆ ಹೇಳಿದ ಸುಳ್ಳು ಒಂದೇ. ಆದರೆ ಅದನ್ನು ಹನ್ನೊಂದು ವರ್ಷ ಹೇಳಿದಳು.

ಗಂಡ ಫಕ್ಕೀರೇಶ ಗೋಡೆಗೆ ಬಣ್ಣ ಬಳಿಯುವವನು. ದುಡಿದದ್ದನ್ನು ಒಂದು ದುರ್ಬೀನಿಗೆ ಸುರಿದ. ಸಂಜೆಯಾದರೆ ಅದನ್ನು ಅಂಗಳಕ್ಕೆ ತಂದು ಕರೆಯುತ್ತಿದ್ದ. "ಶನಿ ನೋಡ ಬಾ. ಸುತ್ತ ಬಳಿ ತೊಟ್ಟೈತಿ. ಕಂಡ್ತೇನ?"

"ಕಂಡ್ತ್ರಿ."

ಕಾಣುತ್ತಿದ್ದುದು ಕತ್ತಲೆ. ಕಣ್ಣಿಡುವ ಗಾಜಿಗೆ ಐಪೀಸು ಅನ್ನುತ್ತಾರೆ. ಅವನದರ ತೂತು ಸೂಜಿಯ ಕಣ್ಣಿನಷ್ಟು. ಅವಳ ಕನ್ನಡಕ ಅದಕ್ಕೆ ಟಣ್ಣೆಂದು ಬಡಿಯುತ್ತಿತ್ತು. ಕನ್ನಡಕ ತೆಗೆದರೆ ಲೋಕವೇ ಮಜ್ಜಿಗೆ. ಓಣಿಯವರೂ ಅವನು ಕೊಡುವ ಚಹಾದ ಆಸೆಗೆ "ಕಂಡ್ತು" ಅಂದರು. ಹಾಗಾಗಿ ಅವಳಿಗೊಂದು ಗುಮಾನಿ: ಇವನೂ ಸುಳ್ಳೇ ಹೇಳುತ್ತಾನೇನೋ.

ಹೋದ ವರ್ಷ ಫಕ್ಕೀರೇಶ ತೀರಿಕೊಂಡ. ಅಳು ಮುಗಿಯಲಿಲ್ಲ, ಗುಮಾನಿಯೂ ಹೋಗಲಿಲ್ಲ. ಐಪೀಸು ಬದಲಿಸಬಹುದೆಂದು ಕೇಳಿ ಮಂಜವ್ವ ದುರ್ಬೀನನ್ನು ಹೆಗಲಿಗೇರಿಸಿ ಶಿಗ್ಗಾಂವದ ಬಸ್ಸು ಹತ್ತಿದಳು.

"ತೋಪು ಎಲ್ಲಿಗೆ ಒಯ್ಯಾಕತ್ತಿ ಬೇ?" ಅಂದ ಕಂಡಕ್ಟರ್.

ಅಲ್ಲಿ ಕಾಲೇಜಿನ ಮಾಸೂಮಾ ಮೇಡಂ ಬಳಿ ಹಳೆಯ ಐಪೀಸುಗಳ ಡಬ್ಬಿ ಇತ್ತು. ಆಕಾಶ ನೋಡುವವರು ಮಾರಲು ಕೊಟ್ಟವು. ಮೇಡಂ ಮಹಡಿಯಲ್ಲಿ ದುರ್ಬೀನು ನಿಲ್ಲಿಸಿ, ನೀರಿನ ಟಾಕಿಯತ್ತ ತಿರುಗಿಸಿ, ಒಂದನ್ನು ಸಿಕ್ಕಿಸಿದರು.

"ಇದು ಭಾಳ ದೊಡ್ಡದ ಮಾಡಿ ತೋರಸ್ತೈತ್ರಿ."

"ರೆಪ್ಪಿ ಚುಚ್ಚತೈತಿ. ಬ್ಯಾಡ."

ಎರಡನೆಯದು ಹಿತ್ತಾಳೆ ತಂಬಿಗೆಯ ತೂಕ. ಹಾಕಿದೊಡನೆ ದುರ್ಬೀನು ಮುಗಿಲಿಗೆ ಮೂತಿ ಎತ್ತಿತು.

"ಬೆಲಿ ಕೇಳಿದ್ರ ನೀವೂ ಹಂಗ ಮೂತಿ ಎತ್ತತೀರಿ," ಅಂದರು ಮೇಡಂ.

ಎಲೆ ಆರಿಸುವವಳಿಗೆ ಅವಸರವಿಲ್ಲ. ಒಂದೊಂದನ್ನೂ ತಿರುವಿದಳು, ಬೆಳಕಿಗೆ ಹಿಡಿದಳು, ಹಾಕಿಸಿ ನೋಡಿದಳು. ಆರನೆಯದರ ಗಾಜು ಅಗಲ, ಬಾಯಿಗೆ ರಬ್ಬರಿನ ಅಂಚು. ಅಂಚು ಮಡಿಸಿದರೆ ಕನ್ನಡಕ ಮೆತ್ತಗೆ ಕೂತಿತು. ಟಾಕಿಯ ಮೇಲೆ ಕಾಗೆ ಕೊಕ್ಕು ತಿಕ್ಕುತ್ತಿತ್ತು. ತಲೆಕೆಳಗಾಗಿ ಕಂಡಿತು, ಆದರೂ ಕಂಡಿತು.

"ಅದು ಬೆಲಿನೂ ಹಗುರು. ಆದ್ರ ಸಣ್ಣದ ಮಾಡಿ ತೋರಸ್ತೈತ್ರಿ ಅವ್ವಾರ."

"ಸಣ್ಣದಾದ್ರೂ ಕಾಣ್ಲಿ. ದೊಡ್ಡ ಕತ್ತಲಿ ತಗೊಂಡ ಏನ ಮಾಡ್ಲಿ?"

ಅದನ್ನೇ ತಂದಳು.

ಮರುದಿನ ದೀಪ ಹಚ್ಚುವ ಹೊತ್ತು ಕಳೆದ ಮೇಲೆ, ಮೇಡಂ ಹೇಳಿದ ದಿಕ್ಕಿಗೆ ದುರ್ಬೀನು ತಿರುಗಿಸಿದಳು. ಗಂಡನ ಜೊತೆ ಅದನ್ನು ಹಿಡಿದು ತಿರುಗಿಸುವುದು ಕಲಿತೇ ಇದ್ದಳು, ಕಲಿಯದ್ದು ನೋಡುವುದು. ತಡಕಾಡಿದಳು. ಎಳ್ಳುಕಾಳಿನಷ್ಟು ಹಳದಿ ಚುಕ್ಕೆ ಒಳಗೆ ಬಂತು. ಸುತ್ತ ಬಳೆ.

"ಖರೇನ ಐತಲ್ರೀ," ಅಂದಳು.

ಕನ್ನಡಕ ಒದ್ದೆಯಾಯಿತು. ಸೆರಗಿನಿಂದ ಒರೆಸಿ ಬಾಗುವಷ್ಟರಲ್ಲಿ ಚುಕ್ಕೆ ಅಂಚಿಗೆ ಜಾರಿತ್ತು.

"ನಿಂದರೋ ಶನಿ, ಒಂದೀಟ ನಿಂದರೋ!"

ಪಕ್ಕದ ಮನೆಯ ಬಿಬಿಜಾನ ಗೋಡೆಯಾಚೆಯಿಂದ ಇಣುಕಿದಳು. "ಯವ್ವಾ, ಊರ ಮಂದಿ ಶನಿ ಹೋಗ್ಲಿ ಅಂತ ಎಣ್ಣಿ ಸುರೀತಾರ. ನೀ ನಿಂದರಸಾಕತ್ತಿ?"

"ಹೋಗವರು ಹೋಗೇ ಹೋಗ್ತಾರವಾ. ನಾ ನೋಡಿದ ಮ್ಯಾಲ ಹೋಗ್ಲಿ," ಅಂದು ಮಂಜವ್ವ ದುರ್ಬೀನನ್ನು ಶನಿಯ ಹಿಂದೆ ತುಸು ತಳ್ಳಿದಳು.